ಕರೆಂಟ್ ಹೋದ ಮೇಲೆ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ?

ಯುಪಿಎಸ್ ಕೊಳ್ಳುವಾಗ ‘150 ಎಎಚ್ ಬ್ಯಾಟರಿ ಹಾಕಿಸಿ, ಎಷ್ಟು ಹೊತ್ತು ಬೇಕಾದರೂ ಬರುತ್ತದೆ’ ಎಂಬ ಮಾತು ನಂಬಿ ಹಣ ಕೊಡಬೇಡಿ. ಲೆಕ್ಕ ನೀವೇ ಹಾಕಬಹುದು.

ಮೊದಲು ಲೋಡ್ ಬರೆದುಕೊಳ್ಳಿ. ಕರೆಂಟ್ ಇಲ್ಲದಾಗ ನಿಜಕ್ಕೂ ಬೇಕಾದವು ಮಾತ್ರ. ಹಳೆಯ ಮಾದರಿಯ ಸೀಲಿಂಗ್ ಫ್ಯಾನ್ ಸುಮಾರು 75 ವಾಟ್, ಎಲ್‌ಇಡಿ ಬಲ್ಬ್ 9, ವೈಫೈ ರೂಟರ್ ಸುಮಾರು 10. ಎರಡು ಫ್ಯಾನ್, ನಾಲ್ಕು ಬಲ್ಬ್, ಒಂದು ರೂಟರ್ ಸೇರಿ 196, 200 ಎಂದಿಟ್ಟುಕೊಳ್ಳಿ.

ಈಗ ಬ್ಯಾಟರಿ. 12 ವೋಲ್ಟನ್ನು 150ರಿಂದ ಗುಣಿಸಿದರೆ 1,800 ವಾಟ್-ಅವರ್. ಇದಿಷ್ಟೂ ಫ್ಯಾನಿಗೆ ತಲುಪುವುದಿಲ್ಲ. ಬ್ಯಾಟರಿಯ ಡಿಸಿಯನ್ನು ಎಸಿ ಮಾಡುವಾಗ ಇನ್ವರ್ಟರಿನಲ್ಲೇ ಒಂದಷ್ಟು ಶಾಖವಾಗಿ ಹೋಗುತ್ತದೆ. ಶೇ 20 ಕಳೆಯಿರಿ: ಉಳಿದದ್ದು 1,440. ಅದನ್ನು 200ರಿಂದ ಭಾಗಿಸಿದರೆ ಏಳು ಗಂಟೆ ಚಿಲ್ಲರೆ.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ, ಎಡವುವುದೂ ಇಲ್ಲೇ. ಬ್ಯಾಟರಿಯ ಮೇಲೆ 150 ಎಎಚ್ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಸಿ20’ ಎಂದಿರುತ್ತದೆ. 20 ಗಂಟೆ ಕಾಲ ನಿಧಾನವಾಗಿ, ಅಂದರೆ ಏಳೂವರೆ ಆಂಪಿಯರ್‌ನಂತೆ ಎಳೆದರೆ ಮಾತ್ರ ಅಷ್ಟು ಸಿಗುತ್ತದೆ ಎಂದರ್ಥ. ನಮ್ಮ 200 ವಾಟ್ ಲೋಡ್ ಎಳೆಯುವುದು ಸುಮಾರು 21 ಆಂಪಿಯರ್. ಲೆಡ್-ಆಸಿಡ್ ಬ್ಯಾಟರಿಯಿಂದ ಜೋರಾಗಿ ಎಳೆದಷ್ಟೂ ಸಿಗುವುದು ಕಡಿಮೆ. ಹಾಗಾಗಿ ಹೊಸ ಬ್ಯಾಟರಿಗೂ ಆರು ಗಂಟೆ ಎಂದೇ ಹಿಡಿಯಿರಿ. ದಿನಾ ಪೂರ್ತಿ ಬರಿದು ಮಾಡಿದರೆ ಅದರ ಆಯುಷ್ಯವೂ ಕುಗ್ಗುತ್ತದೆ. ಅರ್ಧಕ್ಕೆ ನಿಲ್ಲಿಸುವುದಾದರೆ ಮೂರು ಗಂಟೆಯೇ ನಿಮ್ಮ ಲೆಕ್ಕ.

ಹೊತ್ತು ಸಾಲದೆನಿಸಿದರೆ ದೊಡ್ಡ ಬ್ಯಾಟರಿಗಿಂತ ಮೊದಲು ಫ್ಯಾನ್ ಬದಲಿಸುವುದನ್ನು ಯೋಚಿಸಿ. ಬಿಎಲ್‌ಡಿಸಿ ಫ್ಯಾನಿಗೆ ಸುಮಾರು 30 ವಾಟ್ ಸಾಕು. ಎರಡನ್ನೂ ಬದಲಿಸಿದರೆ ಲೋಡ್ 106ಕ್ಕೆ ಇಳಿಯುತ್ತದೆ, ಅದೇ ಬ್ಯಾಟರಿ ಹೆಚ್ಚುಕಡಿಮೆ ಎರಡು ಪಟ್ಟು ಹೊತ್ತು ಬರುತ್ತದೆ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಖರ್ಚು ಇನ್ನೊಂದಿಲ್ಲ.

ಪವರ್ ಬ್ಯಾಂಕಿನಲ್ಲೂ ಇಂಥದೇ ಸಂಗತಿ. 10,000 ಎಂಎಎಚ್ ಎಂದರೆ 3.7 ವೋಲ್ಟಿನ ಲೆಕ್ಕ, ಒಟ್ಟು 37 ವಾಟ್-ಅವರ್. 5,000 ಎಂಎಎಚ್‌ನ ಫೋನನ್ನು ಅದು ಎರಡು ಸಲ ಪೂರ್ತಿ ತುಂಬಿಸಲಾರದು. ಒಂದೂವರೆ ಸಲ ಎನ್ನಿ.

ಕೊನೆಗೆ ಪರೀಕ್ಷೆ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರುವ ಒಂದು ರಜಾದಿನ ಮೇನ್ ಸ್ವಿಚ್ ಆರಿಸಿ, ಬರೆದಿಟ್ಟ ಲೋಡನ್ನೇ ಓಡಿಸಿ. ಲೋ ಬ್ಯಾಟರಿ ಬೀಪ್ ಬರುವವರೆಗಿನ ಹೊತ್ತನ್ನು ತಾರೀಖಿನೊಂದಿಗೆ ಯುಪಿಎಸ್ ಮೇಲೆ ಚೀಟಿ ಅಂಟಿಸಿ ಬರೆಯಿರಿ. ಮುಂದಿನ ವರ್ಷ ಅದು ತೀರಾ ಇಳಿದಿದ್ದರೆ ಮೊದಲು ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ, ಹೊಸ ಬ್ಯಾಟರಿಯ ಮಾತು ಆಮೇಲೆ.