ಟ್ರ್ಯಾಕ್ಟರ್, ಪಂಪ್‌ಸೆಟ್‌ಗಳ ಹೊಗೆ ಕೊಳವೆ ಮತ್ತು ಅದರ ಆರೈಕೆ

ಉಳುಮೆಯ ಕಾಲ ಸಮೀಪಿಸಿದಂತೆ ರೈತ ಬಾಂಧವರು ಟ್ರ್ಯಾಕ್ಟರಿನ ಆಯಿಲ್, ನೀರು, ಟೈರುಗಳನ್ನು ಪರೀಕ್ಷಿಸುವುದು ವಾಡಿಕೆ. ಪಂಪ್‌ಸೆಟ್ಟನ್ನೂ ಹೀಗೆಯೇ ಸಜ್ಜುಗೊಳಿಸುತ್ತಾರೆ. ಆದರೆ ಹೊಗೆ ಕೊಳವೆಯತ್ತ ಗಮನ ಕೊಡುವವರು ವಿರಳ. ಎಂಜಿನ್ನಿನ ಶಕ್ತಿ, ಇಂಧನದ ಖರ್ಚು ಮಾತ್ರವಲ್ಲದೆ ಅದನ್ನು ನಡೆಸುವವರ ಪ್ರಾಣವೂ ಈ ಭಾಗವನ್ನು ಅವಲಂಬಿಸಿದೆ.

ಹೊಗೆಯ ಮಾರ್ಗ

ಸಿಲಿಂಡರಿನಲ್ಲಿ ಇಂಧನ ಉರಿದ ನಂತರ ಪಿಸ್ಟನ್ ಆ ಅನಿಲವನ್ನು ಎಕ್ಸಾಸ್ಟ್ ವಾಲ್ವಿನ ಮೂಲಕ ಹೊರಕ್ಕೆ ತಳ್ಳುತ್ತದೆ. ಟ್ರ್ಯಾಕ್ಟರಿನಲ್ಲಿ ಎಲ್ಲ ಸಿಲಿಂಡರುಗಳ ಅನಿಲವೂ ಮ್ಯಾನಿಫೋಲ್ಡಿನಲ್ಲಿ ಒಂದುಗೂಡಿ ಸೈಲೆನ್ಸರನ್ನು ಸೇರುತ್ತದೆ. ಸೈಲೆನ್ಸರಿನೊಳಗೆ ತೂತುಗಳುಳ್ಳ ಕೊಳವೆಗಳೂ ಸಣ್ಣ ಕೋಣೆಗಳೂ ಇವೆ. ಶಬ್ದದ ಅಲೆಗಳು ಅಲ್ಲಿ ಪರಸ್ಪರ ಬಡಿದು ಕ್ಷೀಣಿಸುತ್ತವೆ.

ಇಲ್ಲಿ ಮಸಿ ಕಟ್ಟಿಕೊಂಡರೆ ಅನಿಲ ಸರಾಗವಾಗಿ ಹೊರಹೋಗದು. ಒಂದಿಷ್ಟು ಸಿಲಿಂಡರಿನಲ್ಲೇ ಉಳಿದು ಹೊಸ ಗಾಳಿಗೆ ಜಾಗ ಕಡಿಮೆಯಾಗುತ್ತದೆ. ಶಕ್ತಿ ಕುಂದುತ್ತದೆ, ಇಂಧನ ಹೆಚ್ಚು ವ್ಯಯವಾಗುತ್ತದೆ. ಹಾಗೆಂದು ಸೈಲೆನ್ಸರನ್ನೇ ಬಿಚ್ಚಿಡುವುದು ತಪ್ಪು. ಸದ್ದಿನಿಂದ ಕಿವಿ ಮಂದವಾಗುವುದಲ್ಲದೆ, ಕಿಡಿ ಹಾರಿ ಹುಲ್ಲಿನ ಬಣವೆಗೆ ತಗಲುವ ಭಯವೂ ಇದೆ.

ಡೀಸೆಲ್ ಎಂಜಿನ್ನಿನ ಹೊಗೆಯ ಬಣ್ಣ ಏನು ಹೇಳುತ್ತದೆ?

1. ಕಪ್ಪು: ಎಂಜಿನ್ನಿನ ಮೇಲೆ ಭಾರ ಹೆಚ್ಚಾಗಿದೆ, ಏರ್ ಕ್ಲೀನರಿನಲ್ಲಿ ಧೂಳು ತುಂಬಿದೆ ಅಥವಾ ನಾಜಲ್ ಕೆಟ್ಟಿದೆ.

2. ನೀಲಿ: ಎಂಜಿನ್ ಆಯಿಲ್ ಉರಿಯುತ್ತಿದೆ, ಪಿಸ್ಟನ್ ರಿಂಗುಗಳು ಸವೆದಿರಬಹುದು.

3. ಬಿಳಿ: ಚಳಿಯ ಬೆಳಿಗ್ಗೆ ಸ್ವಲ್ಪ ಹೊತ್ತು ಸಹಜ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ ಅಥವಾ ಸಿಲಿಂಡರಿಗೆ ನೀರು ಸೇರುತ್ತಿದೆ.

ಕಾಣದ ವಿಷ

ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಸುಮಾರು 200 ಪಟ್ಟು ಬಲವಾಗಿ ಅಂಟಿಕೊಳ್ಳುವುದರಿಂದ ದೇಹಕ್ಕೆ ಆಮ್ಲಜನಕ ದೊರೆಯದು. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ನಂತರ ಎಚ್ಚರ ತಪ್ಪಿ ಸಾವು ಸಂಭವಿಸಬಹುದು. ಡೀಸೆಲಿಗಿಂತ ಪೆಟ್ರೋಲ್, ಸೀಮೆಎಣ್ಣೆ ಎಂಜಿನ್ನುಗಳ ಹೊಗೆಯಲ್ಲಿ ಈ ಅನಿಲ ಹೆಚ್ಚು.

ಆದುದರಿಂದ ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ನಡೆಸಬಾರದು. ಪಂಪ್‌ಸೆಟ್ಟನ್ನು ಬಾವಿಯೊಳಗೆ ಇಳಿಸಿ ನಡೆಸಲೇಬಾರದು. ಬಾವಿಯಲ್ಲಿ ಒಬ್ಬರು ಎಚ್ಚರ ತಪ್ಪಿ ಬಿದ್ದರೆ ಇನ್ನೊಬ್ಬರು ಅವಸರದಿಂದ ಇಳಿದರೆ ಅವರ ಗತಿಯೂ ಅದೇ ಆದೀತು. ಕೂಡಲೇ 112ಕ್ಕೆ ಕರೆ ಮಾಡಿ ಅಗ್ನಿಶಾಮಕ ದಳವನ್ನು ಕರೆಸಬೇಕು.

ಆರೈಕೆ

ಎಂಜಿನ್ ತಣ್ಣಗಿರುವಾಗ ಕೊಳವೆಯ ಜೋಡಣೆಗಳನ್ನು ನೋಡಬೇಕು. ಅಲ್ಲಿ ಮಸಿಯ ಗುರುತು ಕಂಡರೆ ಅನಿಲ ಸೋರುತ್ತಿದೆ ಎಂದರ್ಥ, ಗ್ಯಾಸ್ಕೆಟ್ ಬದಲಿಸಬೇಕು. ಸಡಿಲವಾದ ನಟ್ಟುಗಳನ್ನು ಬಿಗಿಮಾಡಬೇಕು. ತುಕ್ಕು ತಿಂದು ತೂತಾದ ಸೈಲೆನ್ಸರನ್ನು ಬದಲಿಸುವುದೇ ಲೇಸು. ಮಳೆಗಾಲದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿದಾಗ ನೆಟ್ಟಗಿರುವ ಕೊಳವೆಯ ಬಾಯಿಗೆ ಡಬ್ಬಿಯೊಂದನ್ನು ಮುಚ್ಚಬೇಕು. ಎಂಜಿನ್ ಚಾಲೂ ಮಾಡುವ ಮುನ್ನ ಅದನ್ನು ತೆಗೆಯಲು ಮರೆಯಬಾರದು.