ಮುಂದೆ ಸಾಗಿದವರನ್ನು ಕಾಣುವ ಬಗೆ

ಮಾಘಮಾಸದ ಮಧ್ವನವಮಿಯು ಸಮೀಪಿಸುವ ವೇಳೆಗೆ ತಗಡೂರಿನ ಸುತ್ತಣ ಗದ್ದೆಗಳಲ್ಲಿ ಭತ್ತದ ಕೊಯ್ಲು ಬಹುಮಟ್ಟಿಗೆ ಮುಗಿದಿರುತ್ತದೆ. ಕೂಳೆಯ ನೆಲವೇ ಮಕ್ಕಳಿಗೆ ಆಟದ ಬಯಲಾಗುತ್ತದೆ. ಶಾಲೆಗಳಲ್ಲಿಯೂ ಓಟ, ಜಿಗಿತಗಳ ಪಂದ್ಯಗಳು ನಡೆಯುವ ಕಾಲವದು. ಸಂಜೆ ಮನೆಗೆ ಬಂದ ಮಗುವನ್ನು ನಾವು ಮೊದಲು ಕೇಳುವ ಪ್ರಶ್ನೆ ಯಾವುದು? "ಯಾರು ಮೊದಲು ಬಂದರು?" ಎಂಬುದೇ. ಪಕ್ಕದ ಮನೆಯ ಹುಡುಗನ ಹೆಸರು ಉತ್ತರವಾಗಿ ಬಂದೊಡನೆ ನಮ್ಮ ಮುಖದಲ್ಲಿ ಆಗುವ ಸಣ್ಣ ಬದಲಾವಣೆಯನ್ನು ಮಗು ಗಮನಿಸದೆ ಇರುವುದಿಲ್ಲ. ಹೀಗೆ ಕೇಳಿದವರಲ್ಲಿ ನಾವೂ ಸೇರಿದ್ದೇವೆ; ಆದುದರಿಂದ ಈ ವಿಚಾರವನ್ನು ಪರರಿಗೆ ಹೇಳುವ ಉಪದೇಶವೆಂದು ವಾಚಕರು ಭಾವಿಸಬಾರದು.

ಪಂದ್ಯದ ಬಯಲನ್ನು ಬಿಟ್ಟ ಮೇಲೂ ಈ ಪ್ರಸಂಗ ಬೇರೆ ವೇಷದಲ್ಲಿ ಬರುತ್ತದೆ. ಕಚೇರಿಯಲ್ಲಿ ನಾವೇ ಕೈಹಿಡಿದು ಕೆಲಸ ಕಲಿಸಿದ ಕಿರಿಯನು ನಾಲ್ಕು ವರ್ಷಗಳಲ್ಲಿ ನಮ್ಮ ಮೇಲಧಿಕಾರಿಯಾಗುತ್ತಾನೆ. ಬೆಳಿಗ್ಗೆ ಅವನೆದುರು ಎದ್ದುನಿಲ್ಲುವಾಗ ಎದೆಯೊಳಗೆ ಏನೋ ಚುಚ್ಚುತ್ತದೆ. ಚುಚ್ಚಲಿಲ್ಲವೆಂದು ಹೇಳುವುದು ಸುಳ್ಳು.

ತಾರತಮ್ಯವನ್ನು ಸಿದ್ಧಾಂತವಾಗಿ ಒಪ್ಪಿದವರು ನಾವು. ಜೀವರಲ್ಲಿ ಪರಸ್ಪರ ಭೇದವುಂಟು, ಮುಕ್ತಿಯಲ್ಲಿಯೂ ಆನಂದದ ತಾರತಮ್ಯವುಂಟು ಎಂದು ಶ್ರೀಮದಾಚಾರ್ಯರು ಸಾರಿದರು. ಕೇಳುವವರು ಆಕ್ಷೇಪಿಸುತ್ತಾರೆ: ಮುಕ್ತಿಯಲ್ಲಿಯೂ ಹೆಚ್ಚು ಕಡಿಮೆ ಇದ್ದರೆ ಅಲ್ಲಿಯೂ ಅಸೂಯೆ ತಪ್ಪದಲ್ಲವೇ? ತಪ್ಪುತ್ತದೆಂದೇ ನಮ್ಮ ಉತ್ತರ. ನಂಜನಗೂಡಿನ ಸ್ನಾನಘಟ್ಟದಲ್ಲಿ ಕಪಿಲೆಯೊಳಗೆ ಒಂದು ಕೊಡವನ್ನೂ ಒಂದು ಉದ್ಧರಣೆಯನ್ನೂ ಮುಳುಗಿಸಿ ನೋಡಿರಿ. ಎರಡೂ ತುಂಬುತ್ತವೆ. ಉದ್ಧರಣೆಯಲ್ಲಿ ಖಾಲಿ ಸ್ಥಳವಿಲ್ಲ. ಕೊಡದ ನೀರಿಗಾಗಿ ಅದು ಹಂಬಲಿಸಬೇಕಾದ ಕಾರಣವೂ ಇಲ್ಲ. ಮುಕ್ತರು ತಮಗಿಂತ ಉತ್ತಮರನ್ನು ಕಂಡು ಹರ್ಷಿಸುತ್ತಾರೆಯೇ ಹೊರತು ಕೊರಗುವುದಿಲ್ಲ.

ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಸ್ವರೂಪಯೋಗ್ಯತೆಯನ್ನು ಬಲ್ಲವನು ಶ್ರೀಹರಿ. ನೂರು ಗಜ ಓಟದಲ್ಲಿ ಹಿಂದೆ ಬಿದ್ದ ಬಾಲಕನನ್ನು ನೋಡಿ "ಇವನ ಯೋಗ್ಯತೆ ಇಷ್ಟೇ" ಎನ್ನುವ ತಂದೆಯು ತನಗೆ ತಿಳಿಯದ ವಿಷಯದಲ್ಲಿ ತೀರ್ಪು ಕೊಡುತ್ತಿರುತ್ತಾನೆ. ಅಂದಿನ ಓಟ ಅಂದಿನ ಕಾಲುಗಳನ್ನು ಅಳೆಯಿತು, ಅಭ್ಯಾಸವನ್ನು ಅಳೆಯಿತು, ಜೀವವನ್ನು ಅಳೆಯಲಿಲ್ಲ. ತಾರತಮ್ಯದ ಮಾತನ್ನು ಸೋಮಾರಿತನಕ್ಕೆ ಹೊದಿಕೆಯಾಗಿ ಬಳಸುವವರನ್ನೂ ನಾವು ಕಂಡಿದ್ದೇವೆ. ಅದು ಇನ್ನೂ ಕೆಟ್ಟದ್ದು.

ಹಿಂದೆ ಬಿದ್ದವನು ಹೇಗೆ ನಡೆದುಕೊಳ್ಳಬೇಕು ಎಂಬುದಕ್ಕೆ ತ್ರಿವಿಕ್ರಮ ಪಂಡಿತಾಚಾರ್ಯರಿಗಿಂತ ಹಿರಿಯ ನಿದರ್ಶನ ನಮಗೆ ತೋರದು. ಇಂದಿನ ಕಾಸರಗೋಡು ಸೀಮೆಯಲ್ಲಿ, ಕುಂಬಳೆಯ ಜಯಸಿಂಹರಾಜನ ಆಳ್ವಿಕೆಯಲ್ಲಿ, ಅವರು ಆಗಲೇ ಹೆಸರಾದ ವಿದ್ವಾಂಸರು, ಕವಿಗಳು. ಆಚಾರ್ಯರೊಡನೆ ಹಲವು ದಿನಗಳ ವಾದ ನಡೆದು ಅವರ ಪಕ್ಷ ನಿಲ್ಲಲಿಲ್ಲ. ಅವರು ಸಭೆಯಿಂದ ಮರೆಯಾಗಲಿಲ್ಲ, ಶಿಷ್ಯರಾದರು. ಆಚಾರ್ಯರ ಆಜ್ಞೆಯಂತೆ ಸೂತ್ರಭಾಷ್ಯಕ್ಕೆ ತತ್ತ್ವಪ್ರದೀಪವೆಂಬ ವ್ಯಾಖ್ಯಾನವನ್ನು ರಚಿಸಿದರು. ತಿಳಿಯದ್ದನ್ನು ತಿಳಿಯಲಿಲ್ಲವೆಂದು ಹೇಳಿ, ಇನ್ನಷ್ಟು ವಿಸ್ತಾರವಾದ ಗ್ರಂಥವನ್ನು ಬೇಡಿದರು. ಅನುವ್ಯಾಖ್ಯಾನವು ಹುಟ್ಟಿದ್ದು ಆ ಬೇಡಿಕೆಯಿಂದ. ಮತ್ತೊಂದು ಸಂಗತಿ ನಮ್ಮ ಗಮನಕ್ಕೆ ಅಪರೂಪವಾಗಿ ಬರುತ್ತದೆ. ತಂದೆಯು ವಾದದಲ್ಲಿ ಸೋತದ್ದನ್ನು ಸುಮಧ್ವವಿಜಯದಲ್ಲಿ ವರ್ಣಿಸಿದವರು ಅವರ ಮಗನಾದ ನಾರಾಯಣ ಪಂಡಿತಾಚಾರ್ಯರೇ. ಆ ಮನೆಯಲ್ಲಿ ಸೋಲು ಮುಚ್ಚಿಡುವ ವಸ್ತುವಾಗಿರಲಿಲ್ಲವೆಂದು ಇದರಿಂದ ಊಹಿಸಬಹುದು.

ಕುಂಬಳೆಯ ಮಾತು ಬಂದುದರಿಂದ ಆ ಊರಿನ ಹೆಸರನ್ನು ಜಗತ್ತಿಗೆಲ್ಲ ಕೇಳಿಸಿದ ಅನಿಲ್ ಕುಂಬ್ಳೆಯವರನ್ನೂ, ಅವರೊಡನೆ ಆಡಿದ ನಮ್ಮ ಮೈಸೂರಿನ ಜಾವಗಲ್ ಶ್ರೀನಾಥರನ್ನೂ ನೆನೆಯಬೇಕು. ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ದೊರೆಯುವುದು ಕಷ್ಟ.

ಮೈಸೂರಿನ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಶ್ರೀನಾಥರು 1991ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಮೊದಲ ಟೆಸ್ಟ್ ಆಡಿದರು. ವೇಗದಲ್ಲಿ ಅವರಿಗೆ ಸಮನಾದವರು ಆಗ ದೇಶದಲ್ಲಿ ವಿರಳ. ಆದರೂ ತಾಯ್ನಾಡಿನ ಪಂದ್ಯಗಳಲ್ಲಿ ಕಪಿಲ್ ದೇವರು, ಮನೋಜ್ ಪ್ರಭಾಕರರು, ಮೂವರು ಸ್ಪಿನ್ನರುಗಳು ಎಂಬ ವ್ಯವಸ್ಥೆಯಲ್ಲಿ ಅವರಿಗೆ ಸ್ಥಾನವಿರಲಿಲ್ಲ. ಒಂದಲ್ಲ ಎರಡಲ್ಲ, ಸಾಲಾಗಿ ಏಳು ಟೆಸ್ಟುಗಳು ಅವರಿಲ್ಲದೆ ನಡೆದವು. 1994ರ ಫೆಬ್ರವರಿಯಲ್ಲಿ ಅಹಮದಾಬಾದಿನಲ್ಲಿ ಕಪಿಲರು ಹ್ಯಾಡ್ಲಿಯವರ 431 ವಿಕೆಟ್ಟುಗಳ ದಾಖಲೆಯನ್ನು ದಾಟಿದಾಗಲೂ ಶ್ರೀನಾಥರು ಆಡುವ ಹನ್ನೊಂದರಲ್ಲಿ ಇರಲಿಲ್ಲ. ವಯಸ್ಸು ಇಪ್ಪತ್ತನಾಲ್ಕು, ವೇಗದ ಬೌಲರನಿಗೆ ಅಂಥ ವರ್ಷಗಳು ಮತ್ತೆ ಬರುವುದಿಲ್ಲ. ಕಾಯುವುದು ಕಷ್ಟ, ಅದರಲ್ಲೂ ಕೈಯಲ್ಲಿ ಬಲವಿದ್ದು ಕಾಯುವುದು.

ಅನಂತರ 1999ರ ಫೆಬ್ರವರಿ 7. ದೆಹಲಿಯ ಕೋಟ್ಲಾ ಮೈದಾನ, ಎದುರಾಳಿ ಪಾಕಿಸ್ತಾನ. ಗೆಲ್ಲಲು 420 ರನ್ನು ಬೇಕಿದ್ದು, ವಿಕೆಟ್ ನಷ್ಟವಿಲ್ಲದೆ 101ರವರೆಗೆ ಹೋಗಿದ್ದ ಆ ತಂಡವನ್ನು ಕುಂಬ್ಳೆಯವರು ಒಬ್ಬರೇ ಕೆಡವುತ್ತ ಬಂದರು. ಒಂಬತ್ತು ವಿಕೆಟ್ಟುಗಳೂ ಅವರವೇ. ಇನ್ನೊಂದು ಬಂದರೆ 1956ರಲ್ಲಿ ಜಿಮ್ ಲೇಕರರು ಮಾಡಿದ ಸಾಧನೆಗೆ ಸಮ. ಆಗ ಇನ್ನೊಂದು ತುದಿಯಿಂದ ಚೆಂಡು ಎಸೆಯಬೇಕಾದವರು ಶ್ರೀನಾಥರು. ಅವರಿಗೆ ಆ ಇನ್ನಿಂಗ್ಸಿನಲ್ಲಿ ಒಂದು ವಿಕೆಟ್ಟೂ ಬಂದಿರಲಿಲ್ಲ. ಅವರು ಆಫ್ ಸ್ಟಂಪಿನಿಂದ ಬಹುದೂರಕ್ಕೆ, ಬ್ಯಾಟಿಗೆ ಎಟುಕದಂತೆ ಎಸೆದರು. ಮುಂದಿನ ಓವರಿನಲ್ಲಿ ವಾಸಿಂ ಅಕ್ರಮರು ಲಕ್ಷ್ಮಣರ ಕೈಗೆ ಸಿಕ್ಕರು. ಕುಂಬ್ಳೆಯವರಿಗೆ 74 ರನ್ನಿಗೆ ಹತ್ತು, ಭಾರತಕ್ಕೆ 212 ರನ್ನುಗಳ ಜಯ.

ಬೇಕೆಂದೇ ವಿಕೆಟ್ ಪಡೆಯದಿರುವುದು ಆಟದ ಧರ್ಮವೇ ಎಂದು ಕೇಳುವವರುಂಟು. ಪ್ರಶ್ನೆ ತಪ್ಪಲ್ಲ. ಪಂದ್ಯ ಕೈತಪ್ಪುವಂತಿದ್ದರೆ ನಾವೂ ಅದನ್ನು ಒಪ್ಪುತ್ತಿರಲಿಲ್ಲ. ಇನ್ನೂರಕ್ಕೂ ಹೆಚ್ಚು ರನ್ನು ಬಾಕಿಯಿದ್ದು ಒಂದೇ ವಿಕೆಟ್ ಉಳಿದಾಗ ತಂಡಕ್ಕೆ ನಷ್ಟವಿರಲಿಲ್ಲ. ನಷ್ಟವೇನಾದರೂ ಇದ್ದರೆ ಅದು ಶ್ರೀನಾಥರ ಲೆಕ್ಕದಲ್ಲಿ ಒಂದು ಅಂಕೆ ಮಾತ್ರ. ಅದನ್ನು ಅವರು ಬಿಟ್ಟುಕೊಟ್ಟರು.

ಬಿಟ್ಟುಕೊಟ್ಟವನು ಕೈಲಾಗದವನೆಂದು ಮಕ್ಕಳು ತಿಳಿಯಬಾರದಷ್ಟೆ. ಅದರಿಂದ ಕಥೆಯ ಉಳಿದ ಭಾಗವನ್ನೂ ಹೇಳಬೇಕು. ಒಂಬತ್ತು ದಿನಗಳ ಬಳಿಕ ಕಲ್ಕತ್ತೆಯ ಈಡನ್ ಗಾರ್ಡನ್ಸಿನಲ್ಲಿ ಅದೇ ಪಾಕಿಸ್ತಾನದೆದುರು ಮತ್ತೊಂದು ಟೆಸ್ಟ್ ಆರಂಭವಾಯಿತು. ಶ್ರೀನಾಥರು ಮೊದಲ ಇನ್ನಿಂಗ್ಸಿನಲ್ಲಿ 46 ರನ್ನಿಗೆ ಐದು, ಎರಡನೆಯದರಲ್ಲಿ 86 ರನ್ನಿಗೆ ಎಂಟು, ಒಟ್ಟು ಹದಿಮೂರು ವಿಕೆಟ್ಟುಗಳನ್ನು ಪಡೆದರು. ಅವರ ಟೆಸ್ಟ್ ಜೀವನದಲ್ಲಿ ಅದಕ್ಕಿಂತ ಮೇಲಾದ ಬೌಲಿಂಗ್ ಇಲ್ಲ. ಭಾರತವು ಆ ಪಂದ್ಯವನ್ನು 46 ರನ್ನುಗಳಿಂದ ಸೋತಿತು.