ಅಳತೆಯ ಅಡಿಗೆ: ಭೋಗೋಪಭೋಗ ಪರಿಮಾಣವೂ ಮನೆಯ ಖರ್ಚೂ

ಶ್ರಾವಕನಿಗೆ ವಿಧಿಸಿರುವ ಹನ್ನೆರಡು ವ್ರತಗಳಲ್ಲಿ ಭೋಗೋಪಭೋಗ ಪರಿಮಾಣವೂ ಒಂದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ಗುಣವ್ರತಗಳ ಸಾಲಿನಲ್ಲಿಟ್ಟಿದ್ದಾರೆ. ತತ್ತ್ವಾರ್ಥಸೂತ್ರದ ಕ್ರಮದಲ್ಲಿ ಇದು ಶಿಕ್ಷಾವ್ರತಗಳೊಡನೆ ಬರುತ್ತದೆ. ಒಮ್ಮೆ ಅನುಭವಿಸಿದೊಡನೆ ಮುಗಿದುಹೋಗುವುದು ಭೋಗ, ಮತ್ತೆ ಮತ್ತೆ ಬಳಕೆಗೆ ಬರುವುದು ಉಪಭೋಗ. ಅನ್ನವು ಮೊದಲನೆಯದಕ್ಕೂ ವಸ್ತ್ರವು ಎರಡನೆಯದಕ್ಕೂ ಉದಾಹರಣೆ. ಜೀವಾವಧಿ ಬಿಡುವುದು ಯಮವೆನಿಸುತ್ತದೆ. ಇಂದು, ಒಂದು ಪಕ್ಷ, ಒಂದು ತಿಂಗಳು, ಒಂದು ಋತು, ಒಂದು ಅಯನ ಎಂದು ಕಾಲವನ್ನು ಗೊತ್ತುಮಾಡಿಕೊಂಡು ಬಿಡುವುದು ನಿಯಮವೆನಿಸುತ್ತದೆ. ಇದಿಷ್ಟು ನಮ್ಮ ಮನೆಗಳಲ್ಲಿ ಬಹುಮಂದಿ ಬಲ್ಲ ವಿಷಯ. ಆದರೆ ಪರಿಮಾಣವೆಂದರೆ ಅಳತೆ ಎಂಬ ಸರಳಾರ್ಥವನ್ನು ಅಡಿಗೆಮನೆಯ ಪಾವು, ಸೇರುಗಳವರೆಗೆ ತಂದು ನೋಡುವುದು ಕಡಮೆ.

ಶುದ್ಧಾಹಾರದ ನಿಯಮಗಳನ್ನು ಪಾಲಿಸಿದರೆ ಖರ್ಚು ಹೆಚ್ಚುತ್ತದೆಂಬ ಮಾತು ಕೇಳಿಬರುತ್ತದೆ. ಅದು ಪೂರ್ತಿ ಸುಳ್ಳಲ್ಲ. ಈರುಳ್ಳಿಯ ಬೆಲೆ ಏರಿದ ಸುದ್ದಿ ನಮ್ಮನ್ನು ತಟ್ಟುವುದಿಲ್ಲವಾದರೂ, ಅಗ್ಗದಲ್ಲಿ ಹೊಟ್ಟೆ ತುಂಬಿಸುವ ಆಲೂಗಡ್ಡೆಯೂ ನಮಗಿಲ್ಲ. ಚಾತುರ್ಮಾಸದಲ್ಲಿ ಸೊಪ್ಪಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ತಂಗಳು ನಮಗೆ ವರ್ಜ್ಯ. ನೆರೆಯವರ ಮನೆಯಲ್ಲಿ ರಾತ್ರಿ ಮಿಕ್ಕ ಮುದ್ದೆ ಬೆಳಿಗ್ಗೆ ಅಂಬಲಿಯಾಗುತ್ತದೆ, ಮಿಕ್ಕ ಅನ್ನ ಚಿತ್ರಾನ್ನವಾಗುತ್ತದೆ. ನಮ್ಮ ಮನೆಯಲ್ಲಿ ಮಿಕ್ಕದ್ದು ನಷ್ಟವೇ. ಬೆಂದ ಧಾನ್ಯ, ಸುರಿದ ನೀರು, ಉರಿದ ಒಲೆ ಮೂರೂ ವ್ಯರ್ಥ. ನಿಷ್ಪ್ರಯೋಜನವಾಗಿ ನೀರು, ಬೆಂಕಿಗಳನ್ನು ಬಳಸುವುದನ್ನು ಆಚಾರ್ಯರು ಅನರ್ಥದಂಡದಲ್ಲಿ ಎಣಿಸಿದ್ದಾರೆ. ಆದುದರಿಂದ ತಂಗಳುಣ್ಣದ ಮನೆಗೆ ಅಳೆದು ಬೇಯಿಸುವುದು ವ್ರತವೂ ಹೌದು, ಉಳಿತಾಯವೂ ಹೌದು. ಇವೆರಡನ್ನು ಬೇರ್ಪಡಿಸಲು ಬರುವುದಿಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು 2007ರಲ್ಲಿ ಒಂದು ಜಿಲ್ಲೆಯಾಗಿ ಸೇರಿದವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರಾಯಿತು. ಹೆಸರು ಏನೇ ಇರಲಿ, ಇದು ರಾಗಿಯ ಸೀಮೆ. ವ್ರತ ಪಾಲಿಸುವ ಮನೆಗೆ ರಾಗಿಯಂಥ ಅನುಕೂಲದ ಧಾನ್ಯ ಇನ್ನೊಂದಿಲ್ಲವೆಂದೇ ನಮ್ಮ ಅಭಿಪ್ರಾಯ. ಕಾಳು ಅತಿ ಸಣ್ಣದಾದ್ದರಿಂದ ಹುಳು ಹಿಡಿಯುವುದು ವಿರಳ. ಚೆನ್ನಾಗಿ ಒಣಗಿಸಿದರೆ ವರ್ಷಗಟ್ಟಲೆ ಕೆಡದು. ಹಿಂದೆ ಈ ಕಡೆಯ ರೈತರು ನೆಲದೊಳಗಿನ ಹಗೇವುಗಳಲ್ಲಿ ಅದನ್ನು ಬರಗಾಲಕ್ಕೆಂದು ಕೂಡಿಡುತ್ತಿದ್ದುದು ಇದೇ ಕಾರಣದಿಂದ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ. ಅಕ್ಕಿಯಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ. ಹಾಲು, ಮೊಸರುಗಳನ್ನು ರಸಪರಿತ್ಯಾಗದಲ್ಲಿ ಬಿಡುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಲೆಕ್ಕವನ್ನು ಹೀಗೆ ಹಾಕಬಹುದು. ನಾಲ್ವರು ದಿನಕ್ಕೊಂದು ಹೊತ್ತು ಮುದ್ದೆ ಉಣ್ಣುವ ಮನೆಗೆ ತಲೆಗೆ 100 ಗ್ರಾಂ ಹಿಟ್ಟಿನಂತೆ ದಿನಕ್ಕೆ 400 ಗ್ರಾಂ, ತಿಂಗಳಿಗೆ 12 ಕೆ.ಜಿ., ವರ್ಷಕ್ಕೆ 144 ಕೆ.ಜಿ. ಬೇಕು. 2025-26ರ ಮುಂಗಾರು ಹಂಗಾಮಿನ ರಾಗಿಗೆ ಕೇಂದ್ರ ಸರ್ಕಾರ ಗೊತ್ತುಪಡಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಆ ದರದಲ್ಲಿ ವರ್ಷದ ರಾಗಿಗೆ ತಗಲುವುದು ಸುಮಾರು 7,036 ರೂಪಾಯಿ. ಪೇಟೆಯ ಧಾರಣೆ ಇದಕ್ಕಿಂತ ಹೆಚ್ಚುಕಡಮೆಯಾಗಬಹುದು. ಆದರೂ ಅಂಗಡಿಯ ಹಿಟ್ಟಿನ ಪೊಟ್ಟಣದ ಬೆಲೆಯನ್ನು 144ರಿಂದ ಗುಣಿಸಿ ಪಕ್ಕದಲ್ಲಿ ಬರೆದು ನೋಡಿದರೆ ವ್ಯತ್ಯಾಸ ತಾನೇ ತಿಳಿಯುತ್ತದೆ. ಕಾರ್ತಿಕ, ಮಾರ್ಗಶಿರಗಳಲ್ಲಿ ಕಟಾವು ಮುಗಿದ ಮೇಲೆ ಪರಿಚಿತ ರೈತರಿಂದ ಕೊಂಡು, ಕಲ್ಲು ಮಣ್ಣು ಆರಿಸಿ, ಬಿಸಿಲಿಗೆ ಹಾಕಿ ತುಂಬಿಡಬೇಕು. ಒಂದೇ ಸಲ ಅಷ್ಟು ಹಣ ಹೂಡಲಾರದವರು ಎರಡು ಮೂರು ಮನೆ ಕೂಡಿ ಕೊಂಡು ಹಂಚಿಕೊಳ್ಳಬಹುದು.

ಕಾಳಿಗಿರುವ ಬಾಳಿಕೆ ಹಿಟ್ಟಿಗಿಲ್ಲ. ಹಿಟ್ಟಿನ ಮರ್ಯಾದೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ಎಂದು ಹಿರಿಯರಿಂದ ಬಂದ ಕಟ್ಟಳೆ. ಮೇಲಿನ ಮನೆಗೆ ಒಂದು ಸಲಕ್ಕೆ ಬೀಸಬೇಕಾದದ್ದು ಮಳೆಗಾಲದಲ್ಲಿ 1,200 ಗ್ರಾಂ, ಬೇಸಿಗೆಯಲ್ಲಿ 2 ಕೆ.ಜಿ., ಚಳಿಗಾಲದಲ್ಲಿ 2,800 ಗ್ರಾಂ. ಇಷ್ಟು ಸ್ವಲ್ಪಕ್ಕೆ ಹಿಟ್ಟಿನ ಗಿರಣಿಯವರು ಮುಖ ಸಿಂಡರಿಸುವುದು ಸಹಜವೇ! ಗಿರಣಿಯಲ್ಲಿ ಹಿಂದಿನವರ ಹಿಟ್ಟು ಉಳಿದಿರುವ ದೋಷವೂ ಉಂಟು. ಬೀಸುವ ಕಲ್ಲು ಇನ್ನೂ ಮನೆಯಲ್ಲಿದ್ದರೆ ಅದನ್ನು ಮೂಲೆಯಿಂದ ಎಳೆಯಬಹುದು. ಇಲ್ಲವೇ ಮನೆಯಲ್ಲೇ ಬೀಸುವ ಚಿಕ್ಕ ವಿದ್ಯುತ್ ಯಂತ್ರವನ್ನು ನಾಲ್ಕು ಮನೆಯವರು ಸೇರಿ ಕೊಳ್ಳಬಹುದು. ಸಾರಿನ ಪುಡಿಗೂ ಇದೇ ಮರ್ಯಾದೆ. ವರ್ಷದ ಪುಡಿಯನ್ನು ಒಮ್ಮೆಗೇ ಮಾಡಿಸಿ, ಹುಳು ಬಿದ್ದು ಚೆಲ್ಲುವ ಕಷ್ಟ ಇದರಿಂದ ತಪ್ಪುತ್ತದೆ.

ಮುದ್ದೆಯ ಜೊತೆಗೆ ಈ ಸೀಮೆಯವರು ಮಾಡುವ ಬಸ್ಸಾರು, ಉಪ್ಸಾರುಗಳಲ್ಲಿ ಮಿತವ್ಯಯದ ಜಾಣ್ಮೆ ಅಡಗಿದೆ. ಹುರುಳಿ, ಅವರೆ, ತೊಗರಿ ಯಾವುದಾದರೊಂದು ಕಾಳನ್ನು ಬೇಯಿಸಿ ಕಟ್ಟನ್ನು ಬಸಿದುಕೊಂಡರೆ ಅದು ಸಾರು. ಉಳಿದ ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಪಾತ್ರೆ, ಒಂದು ಉರಿ, ಎರಡು ವ್ಯಂಜನ. ಬೆಳ್ಳುಳ್ಳಿಯಿಲ್ಲದೆ ಅದು ರುಚಿಸದೆನ್ನುವವರು ಮೆಣಸು, ಜೀರಿಗೆ, ಕಾಯಿತುರಿ, ಹುಣಿಸೆಗಳನ್ನು ಅರೆದು ಹಾಕಿ ನೋಡಲಿ. ಮಾಗಡಿಯ ಅವರೆಕಾಯಿ ಮಾರ್ಗಶಿರ, ಪುಷ್ಯಗಳಲ್ಲಿ ರಾಶಿಯಾಗಿ ಬರುತ್ತದೆ. ಅಗ್ಗವೆಂದು ಹೊರೆಗಟ್ಟಲೆ ತರುವುದು ಬೇಡ. ಪ್ರತಿ ಕಾಯಿಯನ್ನು ಬಿಡಿಸಿ ಹುಳುವಿದೆಯೇ ಎಂದು ಶೋಧಿಸಲು ಹಗಲ ಬೆಳಕಿನಲ್ಲಿ ಎಷ್ಟು ಸಾಧ್ಯವೋ ಅಷ್ಟೇ ತರಬೇಕು. ಚಾತುರ್ಮಾಸದ ಸೊಪ್ಪಿಲ್ಲದ ದಿನಗಳಿಗೆ ಒಣಗಿದ ಅವರೆ, ಹುರುಳಿಗಳೇ ಆಧಾರ. ದ್ವಿದಳದ ದೋಷವನ್ನು ಪಾಲಿಸುವ ಮನೆಗಳಲ್ಲಿ ಕಾಳಿನ ಸಾರಿನ ಊಟಕ್ಕೆ ಮಜ್ಜಿಗೆ ಬರುವುದಿಲ್ಲವಾದ್ದರಿಂದ ಆ ದಿನ ಹಾಲು ಹೆಪ್ಪು ಹಾಕುವ ಮೊದಲೇ ಯೋಚಿಸಬೇಕು.

ಇನ್ನು ನಿಜವಾಗಿ ಕಷ್ಟವಿರುವುದು ದುಡಿಯುವವರ ಸಂಜೆಯ ಊಟದಲ್ಲಿ. ಚನ್ನಪಟ್ಟಣ, ರಾಮನಗರಗಳಿಂದ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವವರು ಮನೆ ಸೇರುವಾಗ ಕತ್ತಲಾಗಿರುತ್ತದೆ. ಈ ಕಡೆ ಸೂರ್ಯಾಸ್ತವು ನವೆಂಬರಿನಲ್ಲಿ ಸಂಜೆ 5-50ರ ಸುಮಾರಿಗೆ, ಜುಲೈಯಲ್ಲಿ 6-50ರ ಸುಮಾರಿಗೆ. ಹೀಗಾಗಿ ಒಂದೋ ಹೋಟೆಲಿನ ತಿಂಡಿಗೆ ಹಣ ಸುರಿಯುತ್ತಾರೆ, ಇಲ್ಲವೇ ಮನೆಯಲ್ಲಿ ಅವರಿಗಾಗಿ ಮಾಡಿದ್ದು ಉಳಿಯುತ್ತದೆ. ಕೆಲವರು ಅನಸ್ತಮಿತವನ್ನೇ ಕೈಬಿಡುತ್ತಾರೆ. ಬೆಳಿಗ್ಗೆ ಹೊರಡುವಾಗಲೇ ಎರಡನೆಯ ಡಬ್ಬಿಯೊಂದನ್ನು ಕಟ್ಟಿಕೊಡುವುದು ಇದಕ್ಕೆ ಉಪಾಯ. ರಾಗಿರೊಟ್ಟಿ, ಕಡ್ಲೆಪುರಿ ಹುರಿಗಡಲೆ, ಬೆಲ್ಲ ಬೆರೆಸಿದ ಅವಲಕ್ಕಿ ಇವು ಸಂಜೆಯವರೆಗೆ ಕೆಡವು. ಬೆಳಗಿನಲ್ಲೇ ಸಂಜೆಗೆ ಮನೆಯಲ್ಲಿ ಉಣ್ಣುವವರೆಷ್ಟು ಮಂದಿ ಎಂದು ಕೇಳಿ ಪಾವನ್ನು ಎಣಿಸಿದರೆ ಅನ್ನ ಉಳಿಯುವುದಿಲ್ಲ.

ಪರ್ವದ ದಿನಗಳಲ್ಲೂ ಹೀಗೆಯೇ ಲೆಕ್ಕ ಹಾಕಬಹುದು. ಮನೆಯಲ್ಲಿ ಮೂವರು ಅಷ್ಟಮಿ, ಚತುರ್ದಶಿಗಳಂದು ಏಕಾಶನ ಮಾಡಿ, ಬಿಟ್ಟ ಹೊತ್ತಿಗೆ ತಲೆಗೆ 150 ಗ್ರಾಂ ಧಾನ್ಯವೆಂದು ಹಿಡಿದರೆ, ವರ್ಷದ 48 ದಿನಗಳಲ್ಲಿ ಉಳಿಯುವುದು 21 ಕೆ.ಜಿ. 600 ಗ್ರಾಂ, ರಾಗಿಯ ಮೇಲಿನ ದರದಲ್ಲಿ ಸುಮಾರು 1,055 ರೂಪಾಯಿ. ಇದು ದೊಡ್ಡ ಮೊತ್ತವಲ್ಲ. ಆ ಧಾನ್ಯವನ್ನು ಬೇರೆ ಡಬ್ಬಿಯಲ್ಲಿ ತೆಗೆದಿಟ್ಟು ಆಹಾರದಾನಕ್ಕೆ ಕೊಡುವ ಮನೆಗಳು ಅದನ್ನು ಉಳಿತಾಯವೆಂದು ಎಣಿಸುವುದೂ ಇಲ್ಲ. (ಎಳೆಯ ಮಕ್ಕಳು, ಗರ್ಭಿಣಿಯರು, ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಹೊತ್ತು ಬಿಡಕೂಡದು.) ಆದರೆ ಹಿಂದಿನ ದಿನ ಕರಿದ ತಿಂಡಿ, ಮರುದಿನ ಪಾರಣೆಗೆ ಹೋಳಿಗೆ ಎಂದಾದರೆ ಉಳಿತಾಯವೂ ಇಲ್ಲ, ಅವಮೌದರ್ಯವೂ ಇಲ್ಲ. ಪ್ರೋಷಧೋಪವಾಸದಲ್ಲಿ ಉಪವಾಸದ ಹಿಂದಿನ ದಿನವೂ ಮರುದಿನವೂ ಒಂದೇ ಹೊತ್ತಿನ ಊಟ ಹೇಳಿದೆ, ಔತಣ ಹೇಳಿಲ್ಲ.

ವ್ರತದ ಉದ್ಯಾಪನೆಗೆ ಸಾಲ ಮಾಡುವ ರೂಢಿಯನ್ನು ಕುರಿತೂ ಒಂದು ಮಾತು. ಉದ್ಯಾಪನೆಯ ಶಕ್ತಿಯಿಲ್ಲದವರು ಆ ವ್ರತವನ್ನೇ ಎರಡು ಪಟ್ಟು ಕಾಲ ಆಚರಿಸಬಹುದೆಂದು ವ್ರತವಿಧಾನಗಳಲ್ಲಿ ಹೇಳಿದೆ. ಐದು ವರ್ಷದ ವ್ರತವಾದರೆ ಹತ್ತು ವರ್ಷ. ಇದಕ್ಕೆ ಹಣ ಬೇಕಿಲ್ಲ. ಸಂಕಲ್ಪವನ್ನು ಮುಂದುವರಿಸಿದರೆ ಸಾಕು.